ಹದಿನೇಳನೇ ತಾರೀಖಿನ ದಾನ

ದಿಂಗಿರಿ ಅಮ್ಮನ ಎದುರು ಅವಳ ಕಡೆಯ ಸತ್ತವರ ಹೆಸರು ಹೇಳುವುದಾದರೆ ಮೂರಕ್ಕೆ ನಿಲ್ಲಿಸಬೇಕಿತ್ತು. ಅವಳ ಅಪ್ಪ, ಅವಳ ಅವ್ವ, ಬೈನೆ ಮರದಿಂದ ಬಿದ್ದು ಹೋದ ಗಂಡ. ನಾಲ್ಕನೆಯ ಹೆಸರು ಯಾರ ತುಟಿಗಾದರೂ ಬಂದರೆ ಅವಳು ಕೂತ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಎದ್ದುಬಿಡುತ್ತಿದ್ದಳು. ಒಮ್ಮೆ ಮಗಳು ಚಂದ್ರಾ, "ಅಮ್ಮಾ, ತಮ್ಮನ ಹೆಸರಲ್ಲೂ ಒಂದು ದಾನ ಮಾಡಿಬಿಡೋಣ, ಇನ್ನೆಷ್ಟು ವರ್ಷ ಹೀಗೆ?" ಎಂದಿದ್ದಕ್ಕೆ ಅವಳು ಮೂರು ತಿಂಗಳು ಮಗಳ ಜೊತೆ ಮಾತು ಬಿಟ್ಟಿದ್ದಳು. ಒಂದೇ ಸೂರಿನಡಿ ಮೂರು ತಿಂಗಳು! ಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದಳು, ಮಗಳು ಕೇಳಿಸಿಕೊಳ್ಳಬೇಕಿತ್ತು.

ನಮ್ಮ ದ್ವೀಪದ ಕೇಗಾಲೆ ಪೇಟೆಯಿಂದ ಒಳಗೆ, ರಬ್ಬರ್ ಗುಡ್ಡಗಳ ನಡುವಿನ ನಮ್ಮ ಹಲ್ಮಿಲ್ಲದೆಣಿಯದಲ್ಲಿ ಅವಳಷ್ಟು ಬಾಯಿಬಡುಕಿ ಇನ್ನೊಬ್ಬಳಿರಲಿಲ್ಲ. ಹದಿನಾರನೇ ವಯಸ್ಸಿಗೆ ರಬ್ಬರ್ ಕತ್ತಿ ಹಿಡಿದವಳು ಎಪ್ಪತ್ತು ದಾಟುವವರೆಗೂ ಹಿಡಿದೇ ಇದ್ದಳು. ಬೆಳಗಾಗುವ ಮೊದಲೇ ಮರಗಳ ತೊಗಟೆ ಗೀರಿ, ಹಾಲು ತೊಟ್ಟಿಕ್ಕಲು ತೆಂಗಿನ ಚಿಪ್ಪು ಸಿಕ್ಕಿಸಿ, ಬಿಸಿಲೇರುವಷ್ಟರಲ್ಲಿ ಬಕೆಟ್ ತುಂಬಿಸಿಕೊಂಡು ಇಳಿಯುತ್ತಿದ್ದಳು. ದಾರಿಯಲ್ಲಿ ಸಿಕ್ಕ ಗಂಡಸರನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ಏನಪ್ಪಾ, ನಿನ್ನ ಹೆಂಡ್ತಿ ಇನ್ನೂ ನಿನ್ನ ಜೊತೇಲೇ ಇದ್ದಾಳಾ? ಪಾಪ, ಹಿಂದಿನ ಜನ್ಮದಲ್ಲಿ ಏನು ಮಾಡಿದ್ಲೋ!" ಎನ್ನುವಳು. ಅವಳ ಬಕೆಟ್ಟಿನ ಸದ್ದು ಕೇಳಿದರೆ ಅಡ್ಡದಾರಿ ಹಿಡಿಯುವವರೂ ಇದ್ದರು.

ಅಂಥವಳ ಬಾಯಿಗೂ ಒಂದು ಕಡೆ ಬೀಗ. ಅದು ಮಗ ವಿಪುಲನ ವಿಷಯ.

ನಮ್ಮಲ್ಲಿ ಸತ್ತವರಿಗೆ ಏಳನೇ ದಿನದ ದಾನ, ಮೂರನೇ ತಿಂಗಳ ದಾನ, ವರ್ಷದ ದಾನ. ವಿಹಾರದ ಹಾಮುದುರುಗಳಿಗೆ, ಅಂದರೆ ಭಿಕ್ಷುಗಳಿಗೆ, ಊಟ ಬಡಿಸಿ, ಮನೆಯವರೆಲ್ಲ ಒಂದೇ ಹೂಜಿಗೆ ಕೈ ಹಚ್ಚಿ ಬಟ್ಟಲಿಗೆ ನೀರು ಹೊಯ್ಯುತ್ತೇವೆ. ಬಟ್ಟಲು ತುಂಬಿ ತಟ್ಟೆಗೆ ಚೆಲ್ಲುವಾಗ, ಈ ಪುಣ್ಯ ನಮ್ಮವರಿಗೆ ಸೇರಲಿ ಎಂದುಕೊಳ್ಳುತ್ತೇವೆ. ಗತಿ ಕಾಣದೆ ಹೋದವರು ಹಸಿದುಕೊಂಡು ಗೋಡೆಯಾಚೆ, ಬಾಗಿಲ ಮರೆಯಲ್ಲಿ, ಬೇಲಿಯ ಮೂಲೆಯಲ್ಲಿ ಕಾದು ನಿಂತಿರುತ್ತಾರೆ, ತಾವಾಗಿ ಕೇಳಲಾರರು, ಅವರ ಹೊಟ್ಟೆಗೆ ಇದೊಂದೇ ಅನ್ನ. ಬದುಕಿರುವವರಿಗೆ ಮಾತ್ರ ಈ ನೀರು ಹೊಯ್ಯುವ ಹಾಗಿಲ್ಲ.

ದಿಂಗಿರಿ ಅಮ್ಮನ ಗಂಟಲಿಗೆ ಸಿಕ್ಕಿಕೊಂಡ ಮುಳ್ಳು ಇದೇ. ವಿಪುಲ ಸತ್ತಿದ್ದರೆ, ಅವಳು ನೀರು ಹೊಯ್ಯದ ಒಂದೊಂದು ದಿನವೂ ಅವನು ಹಸಿದು ಬೇಲಿಯ ಮೂಲೆಯಲ್ಲಿ ನಿಂತಿದ್ದಾನೆ. ಬದುಕಿದ್ದರೆ, ನೀರು ಹೊಯ್ದ ಗಳಿಗೆಗೆ ತಾಯಿಯೇ ಅವನನ್ನು ಕೈಯಾರೆ ಸತ್ತವರ ಸಾಲಿಗೆ ತಳ್ಳಿದಂತೆ. ಮೂವತ್ತಮೂರು ವರ್ಷ ಅವಳು ಈ ಎರಡರ ಮಧ್ಯೆ ನಿಂತು, ಪ್ರತಿ ಸಲವೂ ಮಗ ಬದುಕಿದ್ದಾನೆ ಎಂದೇ ತೀರ್ಮಾನಿಸಿದಳು. ಹುಣ್ಣಿಮೆ ತಪ್ಪಿಸದೆ ಬೋಧಿವೃಕ್ಷದ ಕಟ್ಟೆಯಲ್ಲಿ ಎಣ್ಣೆದೀಪ ಹಚ್ಚಿ ಅವನ ಆಯುಷ್ಯಕ್ಕಾಗಿ ಪೂಜೆ ಮಾಡಿಸಿದಳು. ದೀಪ ಹಚ್ಚಿ ತಿರುಗುವಾಗಲೆಲ್ಲ ಅವಳ ಕಣ್ಣು ವಿಹಾರದ ಬೇಲಿಯ ಮೂಲೆಗೆ ಹೋಗುತ್ತಿತ್ತು.

ವಿಪುಲನ ಅಕ್ಷರ ಚಂದ. ಅದೇ ಅವನಿಗೆ ಮುಳುವಾಯಿತು. ನಮ್ಮ ವಿಹಾರದ ಊಟದ ಮನೆಯ ಗೋಡೆಯಲ್ಲಿ ದಾನದ ಹಲಗೆಯೊಂದಿದೆ. ತಿಂಗಳ ಮೂವತ್ತೊಂದು ದಿನ, ಒಂದೊಂದು ದಿನದ ಊಟ ಒಂದೊಂದು ಮನೆಯದು. ಬಡಮನೆಗಳಾದರೆ ಎರಡು ಸೇರಿ ಒಂದು. ಆ ಹಲಗೆಯನ್ನು ಹತ್ತೊಂಬತ್ತು ವರ್ಷದ ವಿಪುಲ ನೀಲಿ ಬಣ್ಣದಲ್ಲಿ ಬರೆದದ್ದು. ಹದಿನೇಳರ ಎದುರು ತನ್ನ ಮನೆಯನ್ನೂ ಪಕ್ಕದ ಕಿರಿಬಂಡನ ಮನೆಯನ್ನೂ ಬರೆದು, ತನ್ನಮ್ಮನ ಹೆಸರಿನ ಬಾಲಕ್ಕೆ ಒಂದು ಸಣ್ಣ ಬಳ್ಳಿ ಎಳೆದಿದ್ದ. "ನಿನ್ನ ನಾಲಿಗೆಯಷ್ಟು ಉದ್ದ ಎಳೆಯೋಕೆ ಹಲಗೇಲಿ ಜಾಗ ಸಾಲ್ಲಿಲ್ಲಮ್ಮಾ" ಎಂದು ಅವಳನ್ನು ಕೆಣಕಿದ್ದ.

ಮರುವರ್ಷ, ಎಂಬತ್ತೊಂಬತ್ತರಲ್ಲಿ, ದೇಶಕ್ಕೇ ಬೆಂಕಿ ಬಿದ್ದಿತು. ಕಾಡಿನಿಂದ ಇಳಿದು ಬಂದ ಕೆಲವು ದಂಗೆಕೋರರು ಎದೆಗೆ ಬಂದೂಕು ಹಿಡಿದು ವಿಪುಲನಿಂದ ಸರ್ಕಾರದ ವಿರುದ್ಧ ಗೋಡೆಗೆ ಅಂಟಿಸುವ ಕಾಗದ ಬರೆಸಿದರು. ನಾಲ್ಕು ದಿನಕ್ಕೆ ಜೀಪಿನಲ್ಲಿ ಇನ್ನೊಂದು ಗುಂಪು ಬಂತು. ಅವರು ಯಾರ ಕಡೆಯವರೆಂದು ಕೇಳುವ ಎದೆಗಾರಿಕೆ ಆಗ ಯಾರಿಗೂ ಇರಲಿಲ್ಲ. ಊರ ಗಂಡಸರನ್ನೆಲ್ಲ ಶಾಲೆಯ ಬಯಲಲ್ಲಿ ಸಾಲಾಗಿ ನಿಲ್ಲಿಸಿದರು. ಜೀಪಿನೊಳಗೆ ತಲೆಯಿಂದ ಸೊಂಟದವರೆಗೆ ಗೋಣಿಚೀಲ ಹೊದ್ದ ಒಬ್ಬ ಕೂತಿದ್ದ. ಕಣ್ಣಿನ ಜಾಗದಲ್ಲಿ ಎರಡು ತೂತು. ಒಬ್ಬೊಬ್ಬರನ್ನೇ ಅವನ ಮುಂದೆ ಹಾಯಿಸಿದರು. ಗೋಣಿ ಮೂರು ಸಲ ತಲೆಯಾಡಿಸಿತು. ಮೂರನೆಯವನು ವಿಪುಲ.

ಉಳಿದಿಬ್ಬರ ಹೆಣ ಹೊಳೆಯಲ್ಲಿ ಸಿಕ್ಕಿತು. ವಿಪುಲನದು ಸಿಗಲಿಲ್ಲ. ಹೆಣ ಸಿಗದಿರುವುದನ್ನೇ ಹಿಡಿದುಕೊಂಡು ಒಬ್ಬ ತಾಯಿ ಮೂವತ್ತಮೂರು ವರ್ಷ ಬದುಕಬಲ್ಲಳು ಎಂದು ದಿಂಗಿರಿ ಅಮ್ಮನನ್ನು ನೋಡಿಯೇ ನಮಗೆ ತಿಳಿದದ್ದು. ಆ ಕಾಗದದ ಅಕ್ಷರ ಯಾರದೆಂದು ಊರಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ದಿನವೂ ಊಟದ ಮನೆಯ ಹಲಗೆಯಲ್ಲಿ ನೋಡುತ್ತಿದ್ದೆವಲ್ಲ. ಗೋಣಿಯೊಳಗೆ ಯಾರಿದ್ದರೂ ತಲೆಯಾಡಿಸುತ್ತಿದ್ದರೇನೋ. ಹೀಗೆ ಹೇಳಿ ನಾವು ಕೈ ತೊಳೆದುಕೊಳ್ಳುತ್ತಿದ್ದೆವು, ಈಗಲೂ ತೊಳೆದುಕೊಳ್ಳುತ್ತೇವೆ.

ಅವಳು ಹುಚ್ಚಿಯಾಗದೆ ಉಳಿದದ್ದು ವಿಹಾರದ ದೊಡ್ಡ ಹಾಮುದುರುಗಳಿಂದ. ಎದೆ ಬಡಿದುಕೊಂಡು ಬಂದವಳನ್ನು ಅವರು ಮರದಡಿ ಕೂರಿಸಿ ಮೈತ್ರಿ ಧ್ಯಾನ ಕಲಿಸಿದರು. ಮೊದಲು ನಾನು ಸುಖವಾಗಿರಲಿ, ಆಮೇಲೆ ನನ್ನವರು, ಆಮೇಲೆ ಊರವರು, ಕೊನೆಗೆ ನನಗೆ ಕೇಡು ಮಾಡಿದವನೂ ಸುಖವಾಗಿರಲಿ.

"ಕೇಡು ಮಾಡಿದವನಿಗೆ ಮುಖಾನೇ ಇಲ್ವಲ್ಲ ಹಾಮುದುರುವನೇ," ಎಂದಳು ಅವಳು. "ಅವನೊಂದು ಗೋಣಿಚೀಲ."

"ಹಾಗಾದ್ರೆ ಗೋಣಿಚೀಲಕ್ಕೇ ಹೇಳು, ಉಪಾಸಕಮ್ಮ. ಮನಸ್ಸು ತಿಳಿಯಾಗಿದ್ರೆ ಮಾತ್ರ ಪುಣ್ಯ ಆಚೆ ದಡ ಮುಟ್ಟುತ್ತೆ. ದ್ವೇಷ ಇಟ್ಕೊಂಡು ಹೊಯ್ದ ನೀರು ಬರೀ ನೀರು."

ಎರಡು ವರ್ಷ ಹಿಡಿಯಿತು. ಮೊದಮೊದಲು ಗೋಣಿ ನೆನೆದರೆ ಹಲ್ಲು ಕಡಿಯುತ್ತಿದ್ದಳು. ಆಮೇಲೊಂದು ದಿನ ರಬ್ಬರ್ ಮರದ ಬುಡದಲ್ಲಿ ಕೂತು, ಗೋಣಿಯೊಳಗಿನವನೂ ಸುಖವಾಗಿರಲಿ ಎಂದಾಗ ಎದೆಯೊಳಗೆ ಏನೋ ಸಡಿಲವಾಯಿತು. ಅಂದಿನಿಂದ ಅವಳಿಗೆ ನಿದ್ದೆ ಬಂತು, ಬಾಯಿಗೆ ಹಾಸ್ಯ ಮರಳಿತು. ಇದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಗಂಡನ ತಮ್ಮನೊಡನೆ ತೆಂಗಿನಮರಕ್ಕೆ ಜಗಳವಾಡುವವರಿಗೆಲ್ಲ, "ನನ್ನ ಮಗನನ್ನ ತೋರಿಸಿಕೊಟ್ಟವನಿಗೇ ನಾನು ಒಳ್ಳೇದು ಬಯಸ್ತೀನಿ, ನೀವು ಒಂದು ಮರಕ್ಕೆ ಸಾಯ್ತೀರಲ್ರೋ!" ಎಂದು ಬುದ್ಧಿ ಹೇಳುತ್ತಿದ್ದಳು. ಅವಳು ಗೆದ್ದಿದ್ದಾಳೆಂದು ನಾವೆಲ್ಲ ನಂಬಿದ್ದೆವು.

ಪಕ್ಕದ ಮನೆಯ ಕಿರಿಬಂಡನಂತೂ ಅವಳಿಗೆ ಒಡಹುಟ್ಟಿದವನಿಗಿಂತ ಹೆಚ್ಚಾಗಿದ್ದ. ಮಳೆಗಾಲಕ್ಕೆ ಮೊದಲು ಅವಳ ಮಾಡು ಸರಿಮಾಡಿಕೊಡುವವನು ಅವನೇ, ಬಾವಿಯ ಹೂಳು ತೆಗೆಯುವವನು ಅವನೇ, ಮರದ ಮೊದಲ ಹಲಸು ಅವಳ ಅಂಗಳಕ್ಕೇ. ಆದರೆ ಅವಳ ಮುಖ ನೋಡಿ ಮಾತಾಡುತ್ತಿರಲಿಲ್ಲ. "ಯಾಕೋ, ನನ್ನ ಮುಖ ನೋಡಿದ್ರೆ ಯಶವತಿ ಪೊರಕೆ ತಗೋತಾಳಾ?" ಎಂದು ಅವಳು ಛೇಡಿಸಿದರೆ ನೆಲ ನೋಡಿಕೊಂಡೇ ನಗುತ್ತಿದ್ದ. ಹತ್ತು ವರ್ಷದ ಹಿಂದೆ ಅವನು ತೀರಿಕೊಂಡಾಗ ಏಳನೇ ದಿನದ ಅಡುಗೆಗೆ ತೆಂಗಿನಕಾಯಿ ತುರಿದು ತುರಿದು ದಿಂಗಿರಿ ಅಮ್ಮನ ಅಂಗೈ ಬೊಬ್ಬೆ ಎದ್ದಿತ್ತು.

ಅವನ ಹೆಂಡತಿ ಯಶವತಿಯೂ ಇವಳೂ ತಿಂಗಳಿಗೊಮ್ಮೆ, ಹದಿನೇಳಕ್ಕೆ, ಒಂದೇ ಒಲೆಯ ಮುಂದೆ ಕೂತು ದಾನದ ಅಡುಗೆ ಮಾಡುತ್ತಿದ್ದರು. ಅನ್ನ, ಬೇಳೆ, ನಾಲ್ಕು ಪಲ್ಯ, ಮೊಸರು, ಬೈನೆ ಬೆಲ್ಲದ ಪಾಕ. ಒಂದೇ ಹೂಜಿಗೆ ಇಬ್ಬರೂ ಕೈ ಹಚ್ಚುತ್ತಿದ್ದರು. ದಿಂಗಿರಿ ಅಮ್ಮ ಮೂರು ಹೆಸರು ಹೇಳುವಳು. ಯಶವತಿ ತನ್ನವರ ಹೆಸರು ಗಟ್ಟಿಯಾಗಿ ಹೇಳಿ, ಆಮೇಲೂ ಒಂದಿಷ್ಟು ಹೊತ್ತು ತುಟಿ ಆಡಿಸುವಳು. ದೊಡ್ಡ ಹಾಮುದುರುಗಳು ಕಣ್ಣು ಮುಚ್ಚಿ ಕಾಯುವರು, ಅವಳ ತುಟಿ ನಿಂತ ಮೇಲೆ ಮಂತ್ರ ಮುಗಿಸುವರು.

ಹೋದ ವರ್ಷ ಅವರೂ ತೀರಿಕೊಂಡರು. ಅವರ ಜಾಗಕ್ಕೆ ಮೂವತ್ತು ತುಂಬದ ಹೊಸ ಹಾಮುದುರು ಬಂದರು. ಒಳ್ಳೆಯವರೇ, ಆದರೆ ಎಲ್ಲದರಲ್ಲೂ ಅಚ್ಚುಕಟ್ಟು ಬೇಕು. ನಮ್ಮೂರಿನ ಸತ್ತವರಲ್ಲಿ ಒಬ್ಬರ ಪರಿಚಯವೂ ಅವರಿಗಿರಲಿಲ್ಲ. "ಹೆಸರುಗಳನ್ನ ಚೀಟಿಯಲ್ಲಿ ಬರೆದುಕೊಡಿ, ಯಾರದೂ ಬಿಟ್ಟುಹೋಗಬಾರದು" ಎಂದರು. ಯಶವತಿಗೆ ಓದುಬರಹ ಬಾರದು. ಮೊಮ್ಮಗಳಿಂದ ಬರೆಸಿ ತಂದು ಕೊಟ್ಟಳು.

ಆ ಹದಿನೇಳರಂದು ಊಟವಾಯಿತು. ಇಬ್ಬರೂ ಹೂಜಿ ಹಿಡಿದರು. ನೀರು ಬಟ್ಟಲಿಗೆ ಬೀಳತೊಡಗಿತು. ಹೊಸ ಹಾಮುದುರುಗಳು ಸ್ಪಷ್ಟವಾಗಿ, ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಓದಿದರು. ದಿಂಗಿರಿ ಅಮ್ಮನ ಮೂವರು. ಕಿರಿಬಂಡ. ಕಿರಿಬಂಡನ ಅಪ್ಪ, ಅವ್ವ. ಆಮೇಲೆ, "ಎಂಬತ್ತೊಂಬತ್ತರಲ್ಲಿ ತೀರಿಕೊಂಡ ವಿಪುಲ ಜಯರತ್ನ."

ಬಟ್ಟಲು ಅಷ್ಟರಲ್ಲಿ ತುಂಬಿ ತಟ್ಟೆಗೆ ಚೆಲ್ಲುತ್ತಿತ್ತು. ದಿಂಗಿರಿ ಅಮ್ಮ ಹೂಜಿ ಬಿಡಲಿಲ್ಲ. ಪಕ್ಕದಲ್ಲಿದ್ದ ಯಶವತಿಯ ಹಿಡಿತ ಸಡಿಲವಾಗಿ ಹೂಜಿಯ ಭಾರವೆಲ್ಲ ಅವಳ ಕೈಗೇ ಬಂತು. ಎಲ್ಲರೂ ಸಾಧು ಸಾಧು ಎಂದರು. ಅವಳು ಹೂಜಿಯನ್ನು ಮೆಲ್ಲಗೆ ಕೆಳಗಿಟ್ಟು, ಪಾತ್ರೆಗಳನ್ನು ತೊಳೆಯದೆ ಹಾಗೇ ಬುಟ್ಟಿಗೆ ತುಂಬಿ ಮನೆಗೆ ನಡೆದಳು. ಯಶವತಿ ಹತ್ತು ಮಾರು ಹಿಂದೆ ಬಂದಳು.

ಅಡುಗೆಮನೆಯಲ್ಲಿ ದಿಂಗಿರಿ ಅಮ್ಮ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು.

"ಎಷ್ಟು ದಿನದಿಂದ?" ಎಂದಳು.

"ಮೊದಲಿಂದಾನೂ, ಅಕ್ಕಾ. ಅವನು ಹೋಗಿ ಮೂರನೇ ತಿಂಗಳಿಂದ."

"ನಿಂಗೆ ಹೆಂಗೆ ಗೊತ್ತು ಅವನು ಇಲ್ಲ ಅಂತ?"

ಯಶವತಿ ಹೊಸ್ತಿಲಲ್ಲೇ ಕೂತಳು. "ನಮ್ಮೋರು ನೋಡಿದ್ರು. ಹೊಳೆ ಸೇತುವೆ ಹತ್ರ. ಟೈರು ಹಾಕಿ ಸುಟ್ಟು... ಏನೂ ಉಳೀಲಿಲ್ಲ ಅಕ್ಕಾ. ಅದಕ್ಕೇ ನಿಂಗೆ ಏನೂ ಸಿಗ್ಲಿಲ್ಲ."

"ಕಿರಿಬಂಡ ಯಾಕೆ ಸೇತುವೆ ಹತ್ರ ಹೋಗಿದ್ದ? ಆವತ್ತು ಅವನು ಮಾವನೆಲ್ಲ ಊರಲ್ಲಿ ತಂಗಿ ಮನೇಲಿ ಇದ್ದ ಅಂದಿದ್ಯಲ್ಲ ನೀನು?"

ಯಶವತಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಿತ್ತಿಲಲ್ಲಿ ಚಂದ್ರಾ ಬಟ್ಟೆ ಒಗೆಯುವ ಸದ್ದೂ ನಿಂತಿತು. ದಿಂಗಿರಿ ಅಮ್ಮ ನಿಧಾನಕ್ಕೆ ತಿರುಗಿದಳು. ಶಾಲೆಯ ಬಯಲಿನ ಸಾಲಲ್ಲಿ ಅಂದು ಇಲ್ಲದ ಒಬ್ಬನೇ ಒಬ್ಬ ಗಂಡಸು ಯಾರೆಂದು ಊರಿಗೆ ಅನುಮಾನವೇ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಅವಳೊಬ್ಬಳು ಮಾತ್ರ ಸಾಲಿನಲ್ಲಿದ್ದವರನ್ನು ಎಣಿಸಿರಲಿಲ್ಲ.

"ಹಿಂದಿನ ದಿನ ನಮ್ಮೋರನ್ನ ಹಿಡ್ಕೊಂಡು ಹೋಗಿದ್ರು ಅಕ್ಕಾ. ಉಗುರು ಕಿತ್ತಿದ್ರು. ಮೂರು ಜನರನ್ನ ತೋರಿಸದಿದ್ರೆ ಮನೇಲಿರೋ ಮಕ್ಕಳನ್ನ ತರ್ತೀವಿ ಅಂದ್ರಂತೆ. ನನ್ನ ಮಕ್ಕಳು ಆಗ ಹಾಲು ಕುಡಿಯೋ ಕೂಸುಗಳು. ನಮ್ಮೋರು ಬಂದು ಎಲ್ಲಾ ನಂಗೆ ಹೇಳಿದ್ರು. ದೊಡ್ಡ ಹಾಮುದುರುಗಳ ಕಾಲಿಗೂ ಬಿದ್ರು. ಆ ಹುಡುಗನ್ನ ಹಸಿದಿರೋಕೆ ಬಿಡಬೇಡಿ, ಅವಳು ಕೇಳಿದ ದಿನ ನಿಜ ಹೇಳಿ ಅಂದ್ರು ಹಾಮುದುರುಗಳು. ನೀನು ಕೇಳಲೇ ಇಲ್ವಲ್ಲ ಅಕ್ಕಾ. ಎಲ್ಲಿದಾನೆ ಅಂತ ಇಡೀ ದೇಶಾನೇ ಕೇಳ್ದೆ. ಇದಾನಾ ಅಂತ ಒಂದು ದಿನಾನೂ ಕೇಳ್ಲಿಲ್ಲ."

"ಚೀಟೀಲಿ ಯಾಕೆ ಬರೆಸ್ದೆ?"

"ಹೊಸ ಹಾಮುದುರುಗಳಿಗೆ ಬಾಯಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ. ಬರೆಸದೇ ಇದ್ರೆ ಅವನಿಗೆ ಮುಟ್ಟಲ್ವೇನೋ ಅಂತ ಭಯ. ಹಂಗೆ ಗಟ್ಟಿಯಾಗಿ ಓದ್ತಾರೆ ಅಂತ ನಂಗೇನು ಗೊತ್ತು?"

ದಿಂಗಿರಿ ಅಮ್ಮ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಹೂಜಿಗೆ ಅವಳೂ ಕೈ ಹಚ್ಚಿದ್ದಳಲ್ಲ! ಮಗ ಬದುಕಿರಲಿ ಎಂದು ಹುಣ್ಣಿಮೆಗೆ ದೀಪ ಹಚ್ಚಿದ ಕೈಯೇ, ಹದಿನೇಳು ಬಂದಾಗಲೆಲ್ಲ ಅವನಿಗೆ ಸತ್ತವರ ನೀರು ಹೊಯ್ದಿತ್ತು. ಅವನು ಹಸಿದಿರಲಿಲ್ಲ ಎಂದು ಸಮಾಧಾನಪಡಬೇಕೋ, ಅವನನ್ನು ಕೊಲ್ಲಿಸಿದ ಮನೆಯ ಅನ್ನವೇ ಅವನ ಹೊಟ್ಟೆ ಹೊಕ್ಕಿತಲ್ಲ ಎಂದು ಮೈ ಪರಚಿಕೊಳ್ಳಬೇಕೋ? ಅವಳಿಗೆ ಎರಡೂ ಆಗಲಿಲ್ಲ.

"ಎದ್ದು ಹೋಗು," ಎಂದಳು.

ಆ ಸಂಜೆ ಎಂದಿನಂತೆ ಚಾಪೆ ಹಾಸಿ ಕೂತಳು. ನಾನು ಸುಖವಾಗಿರಲಿ. ನನ್ನವರು ಸುಖವಾಗಿರಲಿ. ಊರವರು, ಎನ್ನುವಲ್ಲೇ ನಾಲಿಗೆ ತೊಡರಿತು. ಹೇಗೋ ದಾಟಿದಳು. ಕೊನೆಯದಕ್ಕೆ ಬಂದಾಗ ಗೋಣಿಚೀಲ ಇರಲಿಲ್ಲ. ಅದರ ಜಾಗದಲ್ಲಿ ಕಿರಿಬಂಡ ಕೂತಿದ್ದ, ಅವಳ ಅಂಗಳಕ್ಕೆ ಹಲಸು ಹೊತ್ತು ತಂದು ನೆಲ ನೋಡಿಕೊಂಡು ನಗುವ ಕಿರಿಬಂಡ. ಅವನೂ ಸುಖವಾಗಿರಲಿ ಎನ್ನಲು ಅವಳಿಂದಾಗಲಿಲ್ಲ. ಮುಖವಿಲ್ಲದವನಿಗೆ ಒಳ್ಳೆಯದು ಬಯಸುವುದು ಎಷ್ಟು ಸಲೀಸಾಗಿತ್ತು! ಯಾವುದನ್ನು ಅವಳು ಮೂವತ್ತು ವರ್ಷ ಶಾಂತಿ ಎಂದುಕೊಂಡಿದ್ದಳೋ ಅದು ಬರೀ ಗೋಣಿಚೀಲದ ಉಪಕಾರ.

ಸತ್ತವನ ಮೇಲೆ ಹಗೆ ಸಾಧಿಸುವುದಾದರೂ ಹೇಗೆ? ಅವನು ಸರಿಮಾಡಿಕೊಟ್ಟ ಮಾಡಿನ ಹಂಚು ಕಿತ್ತೆಸೆಯಲೇ? ಬಾವಿ ಮುಚ್ಚಿಸಲೇ? ಒಂದು ದಿನ ಹಂಚು ಕೀಳಲು ಏಣಿ ಇಟ್ಟೇಬಿಟ್ಟಳು. ಚಂದ್ರಾ ಓಡಿಬಂದು ಕಾಲು ಹಿಡಿದುಕೊಂಡಳು. "ಅಮ್ಮಾ, ಮಳೆ ಬಂದ್ರೆ ನೆನೆಯೋದು ನಾವೇ." ಅವಳು ಏಣಿಯ ಮೇಲೇ ಕೂತು ಮೂವತ್ತಮೂರು ವರ್ಷದ ಅಳುವನ್ನೆಲ್ಲ ಅತ್ತಳು. ಊರು ಕೇಳಿಸಿಕೊಂಡಿತು. ಯಾರೂ ಹತ್ತಿರ ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗುವುದು?

ಹೊಸ ಹಾಮುದುರುಗಳು ವಿಷಯ ತಿಳಿದು ತಾವಾಗಿ ಅವಳ ಮನೆಗೆ ಬಂದರು. ಬಿಳಿಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಕೂತರು.

"ತಪ್ಪಾಯ್ತು, ಉಪಾಸಕಮ್ಮ. ನನಗೆ ಗೊತ್ತಿರಲಿಲ್ಲ."

"ಗೊತ್ತಿಲ್ಲದೆ ಇದ್ದೋರು ಈ ಊರಲ್ಲಿ ನೀವು, ನಾನು, ಇಬ್ಬರೇ," ಎಂದಳು. ಆಮೇಲೆ ನೆಲಕ್ಕೆ ಕೂತು ಕೈಮುಗಿದು ಕೇಳಿದಳು: "ಹಾಮುದುರುವನೇ, ಮನಸ್ಸಲ್ಲಿ ವಿಷ ಇಟ್ಕೊಂಡು ಹೊಯ್ದ ನೀರು ಅವನಿಗೆ ಮುಟ್ಟುತ್ತಾ?"

ಅವರು ತಲೆ ತಗ್ಗಿಸಿದರು. ಸುಳ್ಳು ಹೇಳಬಾರದೆಂದು ವ್ರತ ಹಿಡಿದವರು.

"ಪ್ರಯತ್ನ ಮಾಡೋಣ, ಉಪಾಸಕಮ್ಮ. ನಿಧಾನವಾಗಿ."

"ನಂಗೆ ಎಪ್ಪತ್ತಾರು. ಗೋಣಿಗೇ ಎರಡು ವರ್ಷ ಹಿಡೀತು. ಇದಕ್ಕೆ ಎಷ್ಟು ಜನ್ಮ ಬೇಕೋ. ಅಲ್ಲೀವರೆಗೆ ಅವನು ಹಸ್ಕೊಂಡು ನಿಂತಿರ್ಲಾ?"

ಮುಂದಿನ ಹದಿನೇಳು ಬಂತು. ಅವಳು ಬರುವಳೆಂದು ಯಾರೂ ಎಣಿಸಿರಲಿಲ್ಲ. ಯಶವತಿ ಒಬ್ಬಳೇ ಎಲ್ಲ ಅಡುಗೆ ಮಾಡಿ ತಂದು ಬಡಿಸುತ್ತಿದ್ದಾಗ ದಿಂಗಿರಿ ಅಮ್ಮ ಬಿಳಿ ಸೀರೆಯುಟ್ಟು, ಅನ್ನದ ಪಾತ್ರೆ ಹಿಡಿದು ಒಳಗೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಗೋಡೆಯ ಹಲಗೆಯಲ್ಲಿ ತನ್ನ ಹೆಸರಿನ ಬಾಲದ ಬಳ್ಳಿಯನ್ನು ಮಾತ್ರ ಒಮ್ಮೆ ನೋಡಿದಳು.

ಊಟ ಮುಗಿಯಿತು. ಇಬ್ಬರೂ ಹೂಜಿಗೆ ಕೈ ಹಚ್ಚಿದರು. ಹಾಮುದುರುಗಳು ಚೀಟಿ ಬಿಡಿಸಿ ಓದಿದರು, ಕಿರಿಬಂಡನ ಅವ್ವನ ಹೆಸರಿಗೆ ನಿಲ್ಲಿಸಿದರು.

"ಒಂದು ಹೆಸರು ಬಿಟ್ರಿ, ಹಾಮುದುರುವನೇ," ಎಂದಳು ದಿಂಗಿರಿ ಅಮ್ಮ. ದನಿ ಗಟ್ಟಿಯಾಗಿತ್ತು. "ನನ್ನ ಮಗಂದು."

ಅವರು ಓದಿದರು. ಬಟ್ಟಲು ಇನ್ನೂ ಅರ್ಧ ತುಂಬಿತ್ತು. ಅವಳು ಕಣ್ಣು ಮುಚ್ಚಿ ಮನಸ್ಸನ್ನು ತಿಳಿಯಾಗಿಸಲು ನೋಡಿದಳು. ಹಣೆಯಲ್ಲಿ ಬೆವರು ಒಡೆಯಿತು, ಕತ್ತಿನ ನರ ಉಬ್ಬಿತು. ನಾವೆಲ್ಲ ನೋಡುತ್ತಿದ್ದೆವು. ಆಮೇಲೆ ಅವಳ ಬೆರಳುಗಳು ಒಂದೊಂದಾಗಿ ಹೂಜಿಯಿಂದ ಕಳಚಿಕೊಂಡವು.

"ನೀನೇ ಹೊಯ್ಯಿ, ತಂಗಿ," ಎಂದಳು ಯಶವತಿಗೆ. "ನನ್ನ ಕೈಯಿಂದ ಅವನಿಗೆ ಮುಟ್ಟಲ್ಲ."

ಯಶವತಿ ಅಳುತ್ತ ಒಬ್ಬಳೇ ಹೂಜಿ ಹಿಡಿದು ಹೊಯ್ದಳು. ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿತು. ಹೆತ್ತವಳು ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಎಲ್ಲರೂ ಸಾಧು ಎಂದಾಗ ಅವಳು ಬಾಗಿಲಾಚೆ, ಬೇಲಿಯ ಮೂಲೆಯ ಕಡೆ ನೋಡಿದಳು.